ಒಣಮೀನಿನ ಚಾಪೆಯ ಮೇಲೆ ಅತ್ತೆಯ ಪುಟ

ಬದುಕಿರುವವರ ಬಗ್ಗೆ ಒಂದು ಒಳ್ಳೆಯ ಪುಟ ಮಾಡಲಿಕ್ಕೆ ನನಗೆ ಇವತ್ತಿನವರೆಗೂ ಬಂದಿಲ್ಲ. ಆರ್ಟ್ ಜರ್ನಲ್ ಎಂಬುದನ್ನು ಮೊಬೈಲಿನಲ್ಲಿ ನೋಡಿ ಕಲಿತವಳು ನಾನು. ದಪ್ಪ ಹಾಳೆಯ ಮೇಲೆ ಚಹಾದ ಕಲೆ ಮಾಡಿ, ಬಟ್ಟೆಯ ಚೂರು, ಬಲೆಯ ತುಂಡು ಅಂಟಿಸಿ, ಬಣ್ಣ ಬಳಿದು, ನಡುವೆ ನಾಲ್ಕು ಸಾಲು ಕವಿತೆ ಬರೆಯುವ ಕೆಲಸ. ಹೂವು, ಚಿಟ್ಟೆ ಮಾಡಲು ಕೂತರೆ ಶಾಲೆಯ ಮಕ್ಕಳ ಚಾರ್ಟಿನ ಹಾಗೆ ಕಾಣುತ್ತದೆ. ಗಂಡ ಬ್ರಹ್ಮಾವರದಿಂದ ಬರುವುದು ತಡವಾಗಿ, ಫೋನೂ ಎತ್ತದಿದ್ದರೆ ಮಾತ್ರ ಕೈ ಓಡುತ್ತದೆ. ನನ್ನ ತಲೆಯೊಳಗೆ ಅವರ ಬಸ್ ಮಗುಚುವ ಹೊತ್ತಿಗೆ ಬ್ರಷ್ ಒದ್ದೆಯಾಗಿರುತ್ತದೆ. ಅವರು ಬಂದು ಚಪ್ಪಲಿ ಬಿಟ್ಟು ಊಟ ಕೇಳಿದಾಗ ಜೀವ ಬಂದ ಹಾಗಾಗುತ್ತದೆ. ಜೊತೆಗೆ, ಹೇಳಬಾರದು, ಮೂರನೆಯ ಸಾಲು ಅರ್ಧಕ್ಕೆ ನಿಂತಿತಲ್ಲ ಎಂಬ ಸಣ್ಣ ಬೇಸರವೂ.

ಹೀಗೆ ನಮ್ಮ ಮನೆಯವರೆಲ್ಲ ನನ್ನ ಹಾಳೆಗಳಲ್ಲಿ ಒಮ್ಮೆಯಾದರೂ ತೀರಿಕೊಂಡಿದ್ದಾರೆ. ಅತ್ತೆಯದು ಬಾಕಿ ಇತ್ತು.

ಅತ್ತೆ ಗಂಗೊಳ್ಳಿಯ ಬಂದರಿನಲ್ಲಿ ಮೀನು ಮಾರಿ ಮನೆ ನಡೆಸಿದವರು. ಮೊಣಕಾಲು ಸೋತ ಮೇಲೆ ಅಂಗಳದಲ್ಲಿ ಮೀನು ಒಣಗಿಸಿ ಮಾರುತ್ತಾರೆ. ಚಾಪೆಯ ಪಕ್ಕ ಕೋಲು ಹಿಡಿದು ಕೂತರೆ ಕಾಗೆಯೂ ಹತ್ತಿರ ಬರುವುದಿಲ್ಲ, ನಾನೂ ಹೋಗುವುದಿಲ್ಲ. ಅವರ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬರುವವರೆಗೆ ಕಾಯಬೇಕು ಎಂದರು. ಕಾಯುವುದೊಂದು ನನಗೆ ಬಾರದ ವಿದ್ಯೆ.

ಆಸ್ಪತ್ರೆಗೆಂದು ತೆಗೆಸಿದ ಅವರ ಫೋಟೋ ಒಂದು ಉಳಿದಿತ್ತು. ಅದನ್ನು ಅಂಟಿಸಿದೆ. ಅವರ ಹರಿದ ಸೀರೆಯ ಅಂಚು, ಕೆಳಗೆ ಮೀನಿನ ಹುರುಪೆ. ಫೋಟೋದ ಸುತ್ತ ಒಣಗಿದ ಮಲ್ಲಿಗೆ. ನನ್ನ ಲೆಕ್ಕದಲ್ಲಿ ಅದು ಬಾರ್ಡರ್, ನೋಡುವವರಿಗೆ ಹಾರ. ಬದಿಯಲ್ಲಿ ಬರೆದೆ:

ನೀವು ಎದ್ದು ಹೋದ ಅಂಗಳದಲ್ಲಿ
ಬಿಸಿಲು ಒಂದೇ ಕೂತಿದೆ,
ಕಾಗೆಗಳಿಗೆ ಹಬ್ಬ.

ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ಅಳು ಬಂತು. ಆದರೆ ಕಡಲಗಾಳಿಗೆ ಅಂಟು ಒಣಗಲಿಲ್ಲ. ಅತ್ತೆ ಇನ್ನೂ ಬಂದು ಕೂತಿರದ ಹೊತ್ತಿನಲ್ಲಿ, ಹಿಂದಿನ ಪುಟಗಳನ್ನೆಲ್ಲ ಒಣಗಿಸಿದ ಹಾಗೆ ಇದನ್ನೂ ಮೀನಿನ ಚಾಪೆಯ ತುದಿಯಲ್ಲಿಟ್ಟು, ಗಾಳಿಗೆ ಹಾರದಂತೆ ತೆಂಗಿನ ಗೆರಟೆ ಹೇರಿ ಒಳಗೆ ಹೋದೆ. ಇಡೀ ಅಂಗಳದಲ್ಲಿ ಬಿಸಿಲು ಚೆನ್ನಾಗಿ ಬೀಳುವ ಜಾಗ ಅದೊಂದೇ. ಅದರ ಕಾವಲಿಗೆ ಯಾರು ಕೂರುತ್ತಾರೆ ಎಂಬುದು, ಹಗಲಿರುಳು ಚಿಂತೆ ಮಾಡುವ ಈ ತಲೆಗೆ ಹೊಳೆಯಲಿಲ್ಲ.

"ಹ್ವಾಯ್ ಕವಿಗಳೇ, ಇಲ್ ಬನ್ನಿ ಕಾಂಬ."

ಹೋದೆ. ಪುಟ ಅತ್ತೆಯ ಮಡಿಲಲ್ಲಿತ್ತು. ಒಂದೊಂದೇ ಅಕ್ಷರ ಕೂಡಿಸಿ ಓದಿ ಮುಗಿಸಿದ್ದರು.

"ನಾ ಸತ್ತದ್ ಯಾವಾಗ ಮಾರಾಯ್ತಿ? ನಂಗೊಂದ್ ಮಾತ್ ಹೇಳುಕಾಗ್ದಾ?"

"ಅತ್ತೆ, ಅದು ಸುಮ್ಮನೆ... ಕಲೆ."

"ಹಾರ ಹಾಕೂದಾ ಕಲೆ? ರಿಪೋರ್ಟ್ ಬಂದಿತ್. ನಿಂಗ್ ಗೊತ್ತಿತ್. ಬಾಯಲ್ ಹೇಳುಕಾಗ್ದೆ ಬಣ್ಣದಲ್ ಬರ್ದೆ."

ರಿಪೋರ್ಟ್ ಬಂದಿಲ್ಲ ಎಂದು ನಾನು ಆಣೆ ಮಾಡಿದಷ್ಟೂ ಅವರ ಮುಖ ಗಟ್ಟಿಯಾಯಿತು. ಮಧ್ಯಾಹ್ನದೊಳಗೆ ಬ್ರಹ್ಮಾವರದಲ್ಲಿರುವ ಅವರ ಮಗಳಿಗೆ ಫೋನ್ ಹೋಯಿತು. ಆ ಮಗಳು, ನನ್ನ ಗಂಡನ ಅಕ್ಕ, ಬಸ್ಸಿಳಿದು ಅಳುತ್ತಲೇ ಬಂದು, ಪುಟ ನೋಡಿ ಅಳು ನಿಲ್ಲಿಸಿದರು.

"ಅಮ್ಮನ ಜೀವ ಇಪ್ಪಾಗ್ಳೇ ಹಾರ ಹಾಕಿದ್ಯಲ್ಲೇ! ಒಲೆಗ್ ಹಾಕ್ ಅದನ್ನ."

ನಾನು ಪುಟ ಹಿಡಿದು ಬಚ್ಚಲೊಲೆಯ ಕಡೆ ಓಡಿದೆ. ಹಿಂದಿನಿಂದ ಅತ್ತೆ ಕೂಗಿದರು. "ಈಗ್ಲೇ ಸುಡ್ತ್ಯಾ ನನ್ನ? ಸಂಜಿ ತನ್ಕ ತಡ್ಕಂಬುಕೆ ಆತಿಲ್ಯಾ?"

ಸುಡುವಂತಿಲ್ಲ, ಹರಿಯುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಅಡುಗೆಮನೆಯ ಬಾಗಿಲಲ್ಲಿ ಅದನ್ನು ಹಿಡಿದು ನಿಂತಿದ್ದಾಗ ಗಂಡ ಬಂದರು. ಅವರೂ ಗುಟ್ಟಾಗಿ, "ಡಾಕ್ಟ್ರ್ ನಿನ್ನ ಹತ್ರ ಎಂತಾರೂ ಹೇಳಿರಾ?" ಎಂದರು.

ಆ ವಾರವೇ ರಿಪೋರ್ಟ್ ಬಂತು. ಗಂಟು ಕೆಟ್ಟದ್ದಲ್ಲ, ಮಾತ್ರೆ ತೆಗೆದುಕೊಂಡರೆ ಸಾಕು ಎಂದು ಡಾಕ್ಟರು ಅತ್ತೆಯನ್ನೇ ಕೂರಿಸಿ ಹೇಳಿದರು. ಅತ್ತೆ ಅವರ ಮುಖ ನೋಡಲಿಲ್ಲ, ನನ್ನ ಮುಖ ನೋಡಿದರು. ಹೊರಗೆ ಬಂದು, "ಪಾಪ, ಲಾಯ್ಕ್ ಮಾಡಿ ಸುಳ್ಳ್ ಹೇಳುಕ್ ಕಲ್ಸಿದ್ದೆ ನೀನ್ ಅವ್ರಿಗೆ" ಎಂದರು.

ಅಂದಿನಿಂದ ಮಾತ್ರೆ ಮುಟ್ಟಲಿಲ್ಲ. "ಸಾಯೂಳಿಗೆ ಮಾತ್ರೆ ಎಂತಕ್ಕೆ?" ಚಾಪೆ ಸುತ್ತಿ ಮೂಲೆಗಿಟ್ಟರು. ಕಿವಿಯ ಓಲೆ ಬಿಚ್ಚಿ ಮಗಳ ಕೈಗಿಟ್ಟರು. ಮಗಳು ಬೇಡ ಬೇಡ ಎನ್ನುತ್ತಲೇ ಅದನ್ನು ಹಾಕಿಕೊಂಡು ಬಸ್ ಹತ್ತಿದರು. ದಿನದಿನಕ್ಕೂ ಅತ್ತೆ ಉಣ್ಣುವ ಗಂಜಿ ಕಡಿಮೆಯಾಯಿತು. ಪರೀಕ್ಷೆ ಪಾಸಾದ ಹೆಂಗಸನ್ನು ನನ್ನ ಮೂರು ಸಾಲು ಕೊಲ್ಲುತ್ತಿತ್ತು.

ಪರಿಹಾರವಾಗಿ ನನಗೆ ಹೊಳೆದದ್ದು ಇನ್ನೊಂದು ಪುಟ. ಹಳದಿ ಬಳಿದೆ, ಹೊಸ ಬಟ್ಟೆಯ ಚೂರು ಅಂಟಿಸಿದೆ, ನೂರ್ಕಾಲ ಬಾಳಿ ಎಂಬರ್ಥದ ಕವಿತೆ ಬರೆದೆ. ಅತ್ತೆ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಇದ್ ಮದ್ವಿ ಕಾಗ್ದ ಇದ್ದಾಂಗಿತ್. ಅದನ್ನ ತಾ."

ಹಳೆಯದನ್ನು ತಂದುಕೊಟ್ಟೆ. ಬಹಳ ಹೊತ್ತು ನೋಡಿದರು. "ಲಾಯ್ಕಿತ್" ಎಂದರು. ಮದುವೆಯಾಗಿ ಬಂದ ಮೇಲೆ ನನ್ನ ಯಾವ ಕೆಲಸಕ್ಕೂ ಅವರು ಆ ಮೆಚ್ಚುಗೆಯ ಮಾತು ಹೇಳಿರಲಿಲ್ಲ. ಆಮೇಲೆ ಹೆಬ್ಬೆರಳಿನ ಉಗುರನ್ನು ಫೋಟೋದ ಅಂಚಿಗೆ ಕೊಟ್ಟು, ಮಲ್ಲಿಗೆ ಉದುರಿಸಿ, ಮೀನಿನ ಚರ್ಮ ಬಿಡಿಸುವ ಹಾಗೆ ತಮ್ಮನ್ನು ಇಡಿಯಾಗಿ ಕಿತ್ತು ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡರು.

"ಮಾತ್ರಿ ಎಲ್ಲಿತ್? ನೀರ್ ತಕಂಡ್ ಬಾ."

ತಂದೆ. ನುಂಗಿದರು. ಪುಟವನ್ನು ನನ್ನ ಕಡೆ ಚಾಚಿದರು. ಕವಿತೆ ಹಾಗೆಯೇ ಇತ್ತು, ನಡುವೆ ಚೌಕಾಕಾರದ ಖಾಲಿ.

"ಇಷ್ಟ್ ಲಾಯ್ಕದ್ದ್ ಹಾಳ್ ಮಾಡುಕಾಗ. ನಿನ್ದೊಂದ್ ಫೋಟೋ ಇರ್ಬೇಕಲ್ಲೆ?"

ಇತ್ತು. ಅದೇ ಅಳತೆಯದು. ಇಲ್ಲ ಎಂದೆ.

"ಹುಡ್ಕ್" ಎಂದರು.