ಏಳನೇ ಪುಟ

ರೈಲ್ವೆಯವರು ನಮ್ಮಪ್ಪನಿಗೆ ಇಟ್ಟಿದ್ದ ಹೆಸರು ಗಡಿಯಾರ. ಇಪ್ಪತ್ತಾರು ವರ್ಷ ರೈಲು ಓಡಿಸಿದವನು. ಯಾವ ತಿರುವಿನಲ್ಲಿ ಎಷ್ಟು ವೇಗ, ಯಾವ ಸೇತುವೆ ದಾಟಲು ಎಷ್ಟು ನಿಮಿಷ, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಊಟಕ್ಕೆ ಕರೆದರೂ ಗೋಡೆಯ ಗಡಿಯಾರ ನೋಡಿ, "ಮೂರು ನಿಮಿಷ ಲೇಟು," ಎನ್ನುತ್ತಿದ್ದ. "ಸಿಗ್ನಲ್ ಸಿಗಲಿಲ್ಲ, ಕೂತ್ಕೊಳ್ಳಿ," ಎನ್ನುತ್ತಿದ್ದಳು ಅಮ್ಮ.

ಐವತ್ತನೆಯ ವರ್ಷಕ್ಕೆ ಕಣ್ಣಿನ ಪರೀಕ್ಷೆಯಲ್ಲಿ ಬಿದ್ದುಹೋದ. ದೂರದ ಅಕ್ಷರಗಳೆಲ್ಲ ಸ್ಪಷ್ಟವಾಗಿಯೇ ಕಾಣುತ್ತಿದ್ದವು, ಕೆಂಪು ಯಾವುದು ಹಸಿರು ಯಾವುದು ಎಂಬುದೇ ತಿಳಿಯುತ್ತಿರಲಿಲ್ಲ. ನರದ ತೊಂದರೆ, ಔಷಧಿ ಕೊಟ್ಟು ನೋಡೋಣ, ಆರು ತಿಂಗಳಿಗೆ ಇನ್ನೊಂದು ಪರೀಕ್ಷೆ, ಅದೇ ಕೊನೆಯದು ಎಂದರು ಡಾಕ್ಟರು. ಅಲ್ಲಿಯವರೆಗೆ ಅಪ್ಪನನ್ನು ಸ್ಟೋರಿನ ಕಿಟಕಿಯ ಹಿಂದೆ ಕೂರಿಸಿದರು. ಹೊರಡುವ ಡ್ರೈವರುಗಳಿಗೆ ಟಾರ್ಚು, ಬಾವುಟ ಕೊಟ್ಟು ಸಹಿ ಹಾಕಿಸಿಕೊಳ್ಳುವ ಕೆಲಸ. ಕೆಂಪು ಬಾವುಟದ ಕೋಲಿಗೆ ಗುಟ್ಟಾಗಿ ಒಂದು ದಾರ ಕಟ್ಟಿಟ್ಟುಕೊಂಡಿದ್ದ. ಅದನ್ನು ಕಂಡುಹಿಡಿದವರು ನಕ್ಕರು. ಅಪ್ಪನೂ ಜೊತೆಗೆ ನಕ್ಕ, ಆ ದಿನ ಊಟ ಮಾಡಲಿಲ್ಲ.

ಸಂಬಳ ಕಡಿಮೆಯಾಗಿರಲಿಲ್ಲ. ಗಂಡ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾನೆಂದು ಅಮ್ಮನಿಗೆ ಒಳಗೊಳಗೇ ಖುಷಿ. ಅಪ್ಪ ಮಾತ್ರ ದಿನದಿನಕ್ಕೂ ಕುಗ್ಗುತ್ತಾ ಬಂದ. ಸುಮ್ಮನೆ ಕೂತಾಗಲೂ ಎಡಗೈ ಮೇಜಿನ ಅಂಚನ್ನು ಹಿಡಿದು, ಎಂಜಿನ್ನಿನ ಹಿಡಿಕೆ ಎಳೆಯುವಂತೆ, ಮೆಲ್ಲಗೆ ಹಿಂದಕ್ಕೆ ಎಳೆಯುತ್ತಿತ್ತು. "ಮೊದಲ ಗಾಲಿ ಅಲುಗಿದ್ದು ಪಾದಕ್ಕೆ ಗೊತ್ತಾಗುತ್ತೆ ಕಣೇ," ಎಂದ ಒಂದು ಸಂಜೆ ನನ್ನ ಬಳಿ. "ಹಿಂದೆ ಸಾವಿರ ಜನ ಇರ್ತಾರೆ. ಆಗ ಮೈ ಜುಮ್ಮನ್ನುತ್ತೆ. ಈ ನೆಲ ಸತ್ತು ಬಿದ್ದಿದೆ."

ಅದಾಗಿ ಸ್ವಲ್ಪ ದಿನಕ್ಕೆ ಒಂದು ಪುಸ್ತಕ ತಂದ. ಡಾಕ್ಟರರ ಬಳಿ ಇರುವಂಥದ್ದೇ. ಪ್ರತಿ ಪುಟದಲ್ಲೂ ಬಣ್ಣಬಣ್ಣದ ಚುಕ್ಕೆಗಳು, ಅವುಗಳ ನಡುವೆ ಅಡಗಿರುವ ಒಂದು ಅಂಕಿ. ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. "ನೀನು ಓದಿ ಹೇಳು, ನಾನು ಬಾಯಿಪಾಠ ಮಾಡ್ತೀನಿ. ಪುಟದ ಸಂಖ್ಯೆ ಮೂಲೆಲ್ಲಿ ಕಪ್ಪಗೆ ಅಚ್ಚಾಗಿದೆ, ಅದು ನಂಗೆ ಕಾಣುತ್ತೆ. ಒಂದೂ ತಪ್ಪಬಾರದು. ಅಮ್ಮನಿಗೆ ಹೇಳ್ಬೇಡ." ದಿನಕ್ಕೊಂದು ಪುಟ. ಆರು ಪುಟ ಕಲಿಸುವಷ್ಟರಲ್ಲಿ ಅಪ್ಪನ ಮುಖಕ್ಕೆ ಕಳೆ ಬಂದಿತ್ತು. ನನಗೂ ಹಿಗ್ಗೋ ಹಿಗ್ಗು.

ಆರನೆಯ ದಿನ ಸಂಜೆ ನನ್ನನ್ನು ಸ್ಟೇಷನ್ನಿನ ಮೇಲ್ಸೇತುವೆಗೆ ಕರೆದುಕೊಂಡು ಹೋದ. ಕೆಳಗೆ ರೈಲು ನಿಂತಿತ್ತು. ದೂರದಲ್ಲಿ ಕೆಂಪು ದೀಪ ಉರಿಯುತ್ತಿತ್ತು.

"ಹಸಿರು ಬಿತ್ತು ನೋಡು, ಈಗ ಹೊರಡ್ತಾನೆ," ಎಂದ ಅಪ್ಪ.

ದೀಪ ಇನ್ನೂ ಕೆಂಪಾಗಿಯೇ ಇತ್ತು. ರೈಲು ಅಲುಗಲಿಲ್ಲ.

"ನಿದ್ದೆ ಮಾಡ್ತಿದಾನೆ ಬೇಕೂಫ," ಎಂದು ಅಪ್ಪ ಕಂಬಿಯ ಮೇಲೆ ಕೈ ಕುಟ್ಟಿದ. ಅದೇ ಹೊತ್ತಿಗೆ ಎದುರುಗಡೆಯಿಂದ ಇನ್ನೊಂದು ರೈಲು, ನಿಂತ ರೈಲು ಹೊರಡಬೇಕಿದ್ದ ಹಳಿಯನ್ನೇ ಅಡ್ಡ ದಾಟಿಕೊಂಡು ಪಕ್ಕದ ಹಳಿಗೆ ಬಂತು. ಅದರ ಕಿಟಕಿಗಳಲ್ಲಿ ಜನ ತಲೆ ಇಟ್ಟು ಮಲಗಿದ್ದರು. ಅಪ್ಪ ಅದು ಎಷ್ಟು ನಿಮಿಷ ಲೇಟು ಎಂದು ಲೆಕ್ಕ ಹಾಕುತ್ತಿದ್ದ.

ಮರುದಿನ ಏಳನೇ ಪುಟ. ಅದರಲ್ಲಿದ್ದದ್ದು ನಲವತ್ತೈದು. ನಾನು ಎಂಬತ್ತಾರು ಎಂದೆ. ಅಪ್ಪ ಕಣ್ಣು ಮುಚ್ಚಿ, "ಏಳು, ಎಂಬತ್ತಾರು," ಎಂದು ಹತ್ತು ಸಲ ಹೇಳಿಕೊಂಡ. ಉಳಿದ ಪುಟಗಳನ್ನೆಲ್ಲ ಸರಿಯಾಗಿಯೇ ಕಲಿಸಿದೆ.

ಪರೀಕ್ಷೆಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಶೂಗೆ ಪಾಲಿಶ್ ಹಾಕಿಕೊಂಡು ಹೋದ. ಮಧ್ಯಾಹ್ನ ಬಂದವನು ಶೂ ಬಿಚ್ಚದೆ ಕುರ್ಚಿಯಲ್ಲಿ ಕೂತ.

"ಏಳನೇ ಪುಟದಲ್ಲಿ ಹೋಯ್ತು. ನಾನು ಎಂಬತ್ತಾರು ಅಂದೆ. ನಲವತ್ತೈದಂತೆ. ನೀನು ನಂಗೆ ಏನು ಹೇಳ್ಕೊಟ್ಟಿದ್ದೆ?"

ಆ ದನಿಯಲ್ಲಿ ಅನುಮಾನದ ಸುಳಿವೂ ಇರಲಿಲ್ಲ. ಮಗಳನ್ನು ಅನುಮಾನಿಸಬಹುದೆಂಬುದೇ ಆ ಮನುಷ್ಯನಿಗೆ ಹೊಳೆದಿರಲಿಲ್ಲ. ಆಗಲೇ ಹೇಳಿಬಿಡಬಹುದಿತ್ತು. ಬೈಯುತ್ತಿದ್ದ, ತಿಂಗಳುಗಟ್ಟಲೆ ಮಾತು ಬಿಡುತ್ತಿದ್ದ, ಅಷ್ಟೇ.

"ನಲವತ್ತೈದು ಅಂತಲೇ ಹೇಳಿದ್ದೆ," ಎಂದೆ.

ಅಪ್ಪ ಬಗ್ಗಿ ಶೂಗಳ ದಾರ ಬಿಚ್ಚತೊಡಗಿದ. "ಹಾಗಾದ್ರೆ ತಲೇನೂ ಹೋಯ್ತು," ಎಂದ.

ಅವತ್ತಿನಿಂದ ಅಪ್ಪ ತನ್ನ ನೆನಪನ್ನು ನಂಬಲಿಲ್ಲ. ಸ್ಟೋರಿಗೆ ಬಂದುಹೋಗುವ ಡ್ರೈವರುಗಳ ಹೆಸರನ್ನೂ ಚೀಟಿಯಲ್ಲಿ ಬರೆದುಕೊಳ್ಳತೊಡಗಿದ. ಮೇಲ್ಸೇತುವೆಯ ಕಡೆ ಹೋಗುವುದನ್ನೇ ಬಿಟ್ಟ. ಅನ್ನ ತಡವಾದರೆ ಗೋಡೆ ನೋಡುತ್ತಿರಲಿಲ್ಲ. ಅಮ್ಮ ಒಮ್ಮೆ ಬೇಕೆಂದೇ ತಡಮಾಡಿ, "ಸಿಗ್ನಲ್ ಸಿಗಲಿಲ್ಲ," ಎಂದಳು. ಅಪ್ಪ, "ಪರವಾಗಿಲ್ಲ," ಎಂದ. ಅಮ್ಮ ಒಳಗೆ ಹೋಗಿ ಅತ್ತಳು.

ಏಳನೇ ಪುಟದ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಮತ್ತೆ ಕಲಿಸು ಎಂದರೂ ಎಂಬತ್ತಾರೇ ಎನ್ನುತ್ತೇನೆ. ನಲವತ್ತೈದು ಅಂತಲೇ ಹೇಳಿದ್ದೆ ಎಂಬ ಎರಡನೆಯ ಸುಳ್ಳಿನಿಂದ ಮಾತ್ರ ಯಾವ ರೈಲೂ ಉಳಿಯಲಿಲ್ಲ, ಉಳಿದವಳು ನಾನೊಬ್ಬಳೇ.

ಅಪ್ಪ ನಿವೃತ್ತನಾಗಿ ಒಂಬತ್ತು ವರ್ಷವಾಯಿತು. ಸಂಜೆ ರೈಲಿನ ಕೂಗು ಕೇಳಿದಾಗ ಈಗಲೂ ಎಡಗೈ ಮೇಜಿನ ಅಂಚು ಹುಡುಕುತ್ತದೆ. ಆಮೇಲೆ ನನ್ನ ಕಡೆ ತಿರುಗಿ, "ಯಾವ ಗಾಡಿ ಅದು? ನಂಗೆ ನೆನಪಿರಲ್ಲ, ನೀನೇ ಹೇಳು," ಎನ್ನುತ್ತಾನೆ. ನಾನು ಹೇಳುತ್ತೇನೆ. ಅವನು ನಂಬಿ ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ.