ಎದುರಿನವರಿಗೂ ಅದೇ ಗಂಟಲು

ನಮ್ಮ ಸೋದರತ್ತೆ ಊರಿನ ಫುಟ್‌ಬಾಲ್ ಮೈದಾನದಲ್ಲಿ ಮೈಕ್ ಹಿಡಿಯುವವರು. "ಇವಳಿಗೆ ಮೈಕ್ ಯಾಕೆ, ಕರೆಂಟು ದಂಡ" ಎನ್ನುವುದು ಮಾವನ ತಮಾಷೆ. ಗೋಲು ಯಾವ ತಂಡದವರೇ ಹೊಡೆಯಲಿ, ಅತ್ತೆ ಆ ಆಟಗಾರನ ಹೆಸರನ್ನು ಮೂರು ಸಲ ಕೂಗುತ್ತಾರೆ. ಜನವೂ ಜೊತೆಗೆ ಕೂಗಬೇಕು; ಸುಮ್ಮನಿದ್ದರೆ ಮೈಕಿನಲ್ಲೇ ಬೈಸಿಕೊಳ್ಳಬೇಕು.

ಹೊಸ ವೃತ್ತಿಪರ ಲೀಗಿಗೆ ಊರುಗಳನ್ನು ಆರಿಸುವ ಸಮಿತಿ ಬಂದ ದಿನವೇ ನಮ್ಮವರು ಐದು ಗೋಲು ಹೊಡೆಸಿಕೊಂಡು ಸೋತು ಸುಣ್ಣವಾದರು. ಐದಕ್ಕೂ ಗ್ಯಾಲರಿ ಎದುರಾಳಿಗಳ ಹೆಸರು ಕೂಗಿತು. ಸಮಿತಿಯ ಅಧ್ಯಕ್ಷೆ ಬೆರಗಾಗಿ, "ಏನಮ್ಮಾ, ಸೋಲ್ತಿರೋದು ನಿಮ್ಮೋರಲ್ವಾ?" ಎಂದು ಅತ್ತೆಯನ್ನು ಕೇಳಿದರು.

"ಬಂದೋರು ಚೆನ್ನಾಗಿ ಆಡಿದ್ರೆ ನಾವು ಮುಖ ಊದಿಸ್ಕೊಂಡು ಕೂತ್ಕೋಬೇಕಾ?" ಅತ್ತೆ ಸಿಡುಕಿದರು.

ದೊಡ್ಡ ದೊಡ್ಡ ಊರುಗಳನ್ನು ಬಿಟ್ಟು ನಮ್ಮೂರನ್ನು ಆರಿಸಿದರು. "ಬೇರೆ ಕಡೆ ಮೈದಾನ ತೋರಿಸಿದ್ರು, ಇಲ್ಲಿ ಜನ ಕಂಡ್ರು" ಎಂದರಂತೆ ಅಧ್ಯಕ್ಷೆ.

ಲೀಗಿನ ಮೊದಲ ಪಂದ್ಯ. ಹೊರಗಿನವರು ಮೊದಲು ಗೋಲು ಹೊಡೆದರು. ಹೆಸರು ಎಂದಿನಂತೆ ಮೊಳಗಿತು. ಆಮೇಲೆ ನಮ್ಮವನೊಬ್ಬ ಹೊಡೆದ. ಅತ್ತೆ ಮೈಕ್ ಎತ್ತಿದರು. ಗಂಟಲು ಕಟ್ಟಿ ಸ್ವರವೇ ಹೊರಡಲಿಲ್ಲ. ಅವರ ದನಿಗಾಗಿ ನಾವೆಲ್ಲ ಕಾದೆವು. ಆಗ ಮೂಲೆಯ ಗ್ಯಾಲರಿಯಿಂದ ನಮ್ಮವನ ಹೆಸರು ಮೂರು ಸಲ ಕೇಳಿಬಂತು.

ಕೂಗಿದವರು ಎದುರು ತಂಡದ ಜೊತೆ ಬಂದಿದ್ದವರು.