ನೂರೈವತ್ತೇಳರ ಪಕ್ಕದ ಅಕ್ಷರ

ತಿರುಗುವ ಯಾವುದೂ ಅದುರಬಾರದು, ಅದು ನನ್ನ ಗಂಡನ ಕಸುಬು. ಕಾರ್ಖಾನೆಗಳಿಗೆ ಹೋಗುವ ದೊಡ್ಡ ಫ್ಯಾನುಗಳನ್ನು ಯಂತ್ರಕ್ಕೇರಿಸಿ ತಿರುಗಿಸಿ, ಯಾವ ರೆಕ್ಕೆ ಭಾರವೆಂದು ಹುಡುಕಿ, ಚೂರು ಕಬ್ಬಿಣ ಉಜ್ಜಿ ತೆಗೆದು ಸಮ ಮಾಡುತ್ತಾರೆ. ಈ ಚಾಳಿ ಮನೆಗೂ ಬಂದಿತ್ತು. ನೆಂಟರ ಮನೆಗೆ ಹೋದರೆ ಅವರು ನೀರು ಕೊಡುವ ಮೊದಲೇ ಸ್ಟೂಲ್ ಕೇಳಿ ಫ್ಯಾನಿಗೆ ಕೈ ಹಾಕುತ್ತಿದ್ದರು. "ಅಣ್ಣ ಬಂದ್ರೆ ಮೊದ್ಲು ಫ್ಯಾನ್ ಆಫ್ ಮಾಡ್ಬೇಕು ನೋಡಿ ಅತ್ತಿಗೆ" ಎಂದು ನಾದಿನಿ ನಗುತ್ತಿದ್ದಳು. ನನಗೆ ತಲೆ ಎತ್ತಲಾಗುತ್ತಿರಲಿಲ್ಲ.

ನನ್ನ ತಮ್ಮನಿಗೆ ತಾವಿದ್ದ ಕಂಪನಿಯಲ್ಲೇ ಫಿಟ್ಟರ್ ಕೆಲಸ ಕೊಡಿಸಿದ್ದೂ ನನ್ನ ಗಂಡನೇ. ಇವರು ಸಮ ಮಾಡಿದ ಫ್ಯಾನನ್ನು ಅವನು ಒಯ್ದು ಕೂರಿಸುತ್ತಿದ್ದ. ಹಾಗೆ ಕೂರಿಸಿದ ಒಂದು ಫ್ಯಾನು ಪೂರ್ತಿ ವೇಗಕ್ಕೆ ಬಂದದ್ದೇ ತಡ, ಬುಡಸಮೇತ ಕಿತ್ತು ಬಂತು. ತಮ್ಮನ ಬಲಗೈ ಮಣಿಕಟ್ಟಿನವರೆಗೆ ಹೋಯಿತು. ಫಿಟ್ಟರ್ ಬೋಲ್ಟ್ ಬಿಗಿ ಮಾಡಿರಲಿಲ್ಲವೆಂದು ವಿಚಾರಣೆಯವರು ಬರೆದರು.

ಕೊನೆಗೆ ತಮ್ಮನೂ ಅದನ್ನು ನಂಬಿದ. ಮೊದಮೊದಲು "ಬಿಗಿ ಮಾಡಿದ್ದೆ ಕಣಕ್ಕ" ಎನ್ನುತ್ತಿದ್ದವನು ಬರಬರುತ್ತಾ "ಮಾಡಿದ್ದೆ ಅನ್ಸುತ್ತೆ" ಎಂದ, ಆಮೇಲೆ ಸುಮ್ಮನಾದ. ನಮ್ಮ ಮನೆಗೆ ಬಂದರೆ ಎಡಗೈಯಿಂದ ನಲ್ಲಿ ತಿರುಗಿಸಿ ನೋಡುವುದು, ಡಬ್ಬಿಯ ಮುಚ್ಚಳ ಒತ್ತಿ ನೋಡುವುದು. ನಾನೇನು ಸಮಾಧಾನ ಹೇಳಿದವಳಲ್ಲ. "ಮೈಮೇಲೆ ಎಚ್ಚರ ಇರ್ಬಾರ್ದಾಗಿತ್ತೇನೋ" ಎಂದೇ ಬೈದೆ, ನನ್ನ ಬಾಯಿ ಸೇದಿಹೋಗಲಿ. ಅಮ್ಮ ಕಳೆದ ವರ್ಷ ತೀರಿಕೊಳ್ಳುವ ವಾರದಲ್ಲೂ ಅವನನ್ನು ಕೇಳಿದಳು, "ಯಾಕಪ್ಪಾ ಬಿಗಿ ಮಾಡ್ಲಿಲ್ಲ?"

ಅಪಘಾತವಾಗಿ ಮೂರು ವರ್ಷವಾಗಿತ್ತು. ಒಂದು ಭಾನುವಾರ ಊಟಕ್ಕೆ ಕೂತಾಗ ನನ್ನ ಗಂಡ ಅವನಿಗೊಂದು ಕೆಲಸವಿದೆ ಎಂದರು. ಉಪಕರಣಗಳ ಕೋಣೆ ನೋಡಿಕೊಳ್ಳಬೇಕು, ಅಷ್ಟೇ.

"ಬೇಡ ಭಾವ" ಎಂದ ತಮ್ಮ. "ನನ್ನ ನಂಬಿ ಯಾರೂ ಏನೂ ಒಪ್ಪಿಸ್ಬೇಡಿ."

ಇವರು ತಟ್ಟೆ ಬಿಟ್ಟು ಎದ್ದರು. ಬೀರುವಿನಿಂದ ಮಡಚಿದ ಕಾಗದವೊಂದನ್ನು ತಂದು ಬಿಡಿಸಿದರು. ಅದು ಆ ಫ್ಯಾನಿನ ಕೆಲಸದ ಚೀಟಿ. ವೇಗ ಎಂಬಲ್ಲಿ ನೂರೈವತ್ತೇಳು ಎಂದಿತ್ತು, ಪಕ್ಕದಲ್ಲಿ ಅಳತೆಯ ಸಣ್ಣ ಅಕ್ಷರ.

"ನಮ್ಗೆ ಯಾವಾಗ್ಲೂ ನಿಮಿಷಕ್ಕೆ ಇಷ್ಟು ಸುತ್ತು ಅಂತಾನೇ ಬರೋದು. ಪಕ್ಕದ ಅಕ್ಷರ ನೋಡೋ ಅಭ್ಯಾಸಾನೇ ಇರ್ಲಿಲ್ಲ. ಇದು ಸೆಕೆಂಡಿಗೆ ಇಷ್ಟು ರೇಡಿಯನ್ ಅಂತ ಬಂದಿತ್ತು. ಒಂದು ಸುತ್ತಂದ್ರೆ ಆರೂಕಾಲು ಚಿಲ್ಲರೆ ರೇಡಿಯನ್, ನಿಮಿಷಕ್ಕೆ ಅರವತ್ತು ಸೆಕೆಂಡು. ಹತ್ತಿರತ್ತಿರ ಒಂಬತ್ತೂವರೆಯಿಂದ ಗುಣಿಸ್ಬೇಕಿತ್ತು."

ತಮ್ಮ ಎಡಗೈ ಬೆರಳಿನಿಂದ ಮೇಜಿನ ಮೇಲೆ ಗುಣಿಸಿದ. "ಒಂದೂವರೆ ಸಾವಿರ."

"ಹ್ಞೂಂ. ನಾನು ನೂರೈವತ್ತೇಳು ಸುತ್ತಲ್ಲೇ ನೋಡಿ ಸಹಿ ಹಾಕ್ದೆ. ಅಷ್ಟು ನಿಧಾನಕ್ಕೆ ತಿರುಗ್ದ್ರೆ ಯಾವ ಭಾರಾನೂ ಗೊತ್ತಾಗಲ್ಲ. ಅಲ್ಲಿ ಪೂರ್ತಿ ವೇಗಕ್ಕೆ ಬಂದಾಗ ಅದುರಿ ಬೋಲ್ಟೇ ಕಿತ್ಕೊಂಡು ಬಂತು. ನಿನ್ನ ತಪ್ಪಲ್ಲಪ್ಪ."

"ನಿಮಗೆ ಯಾವಾಗ ಗೊತ್ತಾಯ್ತು?" ಕೇಳಿದ್ದು ನಾನು.

"ಆ ವಾರಾನೇ."

ಮೊದಲು ಕೆಲಸ ಹೋಗುವ ಭಯವಂತೆ, ಆಮೇಲೆ ನಾಚಿಕೆಯಂತೆ. ಆ ಮನುಷ್ಯನನ್ನು ಕಂಡು ನನಗೆ ಅಷ್ಟು ಹೇಸಿಗೆ ಹಿಂದೆಂದೂ ಆಗಿರಲಿಲ್ಲ. ಜೊತೆಗೆ ಅಯ್ಯೋ ಎಂದೂ ಅನ್ನಿಸಿತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ತಮ್ಮ ಕೂಗಾಡಲಿಲ್ಲ. "ಹಾಗಾದ್ರೆ ನಾನು ಬಿಗಿ ಮಾಡಿದ್ದೆ" ಎಂದ. ಇನ್ನೊಮ್ಮೆ ಅದನ್ನೇ ಹೇಳಿಕೊಂಡ. ಅವನ ಮುಖದಲ್ಲಿ ನಗು ಬಂದಂತಾಯಿತು. ಎದ್ದು ಕೈ ತೊಳೆದು, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿದ.

"ಅಕ್ಕಾ, ಅಮ್ಮನಿಗೆ ಈಗ ಹೇಗೆ ಹೇಳೋದು?"